40 ಕೆಜಿ ಮೆಣಸು ಅಂದರೆ ಒಂದು ತಿಂಗಳ ಮನೆ: ಮೂರು ಎಕರೆ ಕಾಫಿ ಮನೆಯೊಂದರ ವರ್ಷದ ಲೆಕ್ಕ

2024ರ ಆಗಸ್ಟ್ 3. ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಕೊಡಗಿನಲ್ಲಿ ಅವತ್ತು ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ನಾನು ಮಡಿಕೇರಿಯಿಂದ ಮೂರ್ನಾಡಿನ ಕಡೆ ಇರುವ ಅಕ್ಕನ ಮನೆಗೆ ಹೋಗಿದ್ದೆ. ಮಳೆ ಒಂದೇ ಸಮ ಹೊಡೆಯುತ್ತಿತ್ತು. ಟಿವಿಯಲ್ಲಿ ವಯನಾಡಿನ ಗುಡ್ಡ ಕುಸಿತದ ಸುದ್ದಿ. ಅಕ್ಕ ಒಲೆ ಮುಂದೆ ನಿಂತು ನೇರಳೆ ಬಣ್ಣದ ಪಾಯಸ ಕಲಕುತ್ತಿದ್ದಳು. ಬೆಲ್ಲ ಸಾಲದು ಅಂತ ಮಗಳನ್ನು ಅಂಗಡಿಗೆ ಕಳಿಸಿದಳು. ಮಗಳು ಬೆಲ್ಲದ ಜೊತೆ ಒಂದು ಚೀಟಿಯನ್ನೂ ತಂದಳು. ಅದರಲ್ಲಿ ಅಂಗಡಿಯವರು ಹಿಂದಿನ ಬಾಕಿ ಬರೆದಿದ್ದರು. ಅಕ್ಕ ಅದನ್ನು ಓದಿ, ಮಡಚಿ, ಸೆರಗಿಗೆ ಸಿಕ್ಕಿಸಿಕೊಂಡಳು. ಏನೂ ಹೇಳಲಿಲ್ಲ.

ಊಟ ಆದಮೇಲೆ ಬಾವ ನಿಧಾನಕ್ಕೆ ವಿಷಯ ತೆಗೆದರು. ಬ್ಯಾಂಕಿನಲ್ಲಿ ಉಳಿದಿರುವುದು 20,000. ಮುಂದಿನ ಕಾಫಿ ದುಡ್ಡು ಫೆಬ್ರವರಿಗೆ. ವ್ಯಾಪಾರಿಯೊಬ್ಬರ ಹತ್ತಿರ ಬರುವ ಫಸಲಿನ ಮೇಲೆ ಅಡ್ವಾನ್ಸ್ ತೆಗೆದುಕೊಳ್ಳುವುದು ಅಂತ ಅವರು ಯೋಚನೆ ಮಾಡಿದ್ದರು. ನಾನು ಮಡಿಕೇರಿಯಲ್ಲಿ ಅಂಗಡಿಗಳ ಲೆಕ್ಕ ಬರೆಯುವವಳು. "ನೀನೊಂದು ಸಲ ನೋಡು" ಅಂತ ಅಕ್ಕ ಹೇಳಿದಳು. ಅವತ್ತು ಶುರುವಾದ ಲೆಕ್ಕ ಒಂದು ವರ್ಷ ನಡೆಯಿತು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಚಿಲ್ಲರೆ ಬಿಟ್ಟು ಅಂಕಿಗಳನ್ನು ದುಂಡು ಮಾಡಿದ್ದೇನೆ, ಅಷ್ಟೇ.

ಮನೆಯಲ್ಲಿ ಐದು ಜನ. ಅಕ್ಕ, ಬಾವ, ಬಾವನ ತಾಯಿ (ನಾವೆಲ್ಲ ಅವ್ವ ಅಂತ ಕರೆಯುವುದು), ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಮೊದಲ ಪಿಯುಸಿ ಓದುವ ಮಗ, ಏಳನೇ ಕ್ಲಾಸಿನ ಮಗಳು. ತೋಟ ಮೂರು ಎಕರೆ. ರೋಬಸ್ಟಾ ಕಾಫಿ, ಮರಗಳ ಮೇಲೆ ಕರಿಮೆಣಸಿನ ಬಳ್ಳಿ. ತೋಟದ ಕೆಳಗೆ ಅರ್ಧ ಎಕರೆ ಗದ್ದೆ, ಪಾಳು ಬಿದ್ದು ಏಳೆಂಟು ವರ್ಷ ಆಗಿದೆ.

ತಿಂಗಳ ಲೆಕ್ಕ ಇಲ್ಲಿ ಯಾಕೆ ನಡೆಯಲ್ಲ

ಮನೆ ಬಜೆಟ್ ಅಂದಕೂಡಲೇ ಎಲ್ಲರೂ ಹೇಳುವುದು ಒಂದೇ. ಸಂಬಳದಲ್ಲಿ ಇಷ್ಟು ಭಾಗ ಖರ್ಚಿಗೆ, ಇಷ್ಟು ಉಳಿತಾಯಕ್ಕೆ. ತಿಂಗಳ ಒಂದನೇ ತಾರೀಖು ಸಂಬಳ ಬರುವವರಿಗೆ ಅದು ಸರಿ. ಅಕ್ಕನ ಮನೆಗೆ ಸಂಬಳ ಬರುವುದು ವರ್ಷಕ್ಕೆ ಎರಡು ಸಲ. ಫೆಬ್ರವರಿಯಲ್ಲಿ ಕಾಫಿ, ಏಪ್ರಿಲ್‌ನಲ್ಲಿ ಮೆಣಸು. ಖರ್ಚು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಅದರಲ್ಲೂ ದೊಡ್ಡ ಖರ್ಚು ಬರುವುದು ದುಡ್ಡು ಬಂದು ನಾಲ್ಕು ತಿಂಗಳಾದ ಮೇಲೆ, ಜೂನ್‌ನಲ್ಲಿ. ಸ್ಕೂಲು, ಕಾಲೇಜು, ಗೊಬ್ಬರ, ಎಲ್ಲಾ ಒಟ್ಟಿಗೆ.

ಹಾಗಾಗಿ ನಾನು ದಿನಸಿಗೆ ಎಷ್ಟು, ಪೆಟ್ರೋಲಿಗೆ ಎಷ್ಟು ಅಂತ ಮೊದಲು ಕೇಳಲೇ ಇಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ, ಅದರ ಹಿಂದಿನ ಬಿಳಿ ಹಾಳೆಯಲ್ಲಿ ಹನ್ನೆರಡು ಮನೆ ಗೀಚಿದೆ. ಒಂದೊಂದು ತಿಂಗಳಿಗೆ ಒಂದು ಮನೆ. ದುಡ್ಡು ಬಂದಿದ್ದು ನೀಲಿ, ಹೋಗಿದ್ದು ಕೆಂಪು. ಪಾಸ್‌ಬುಕ್ಕು, ಅಂಗಡಿ ಚೀಟಿ, ಸೊಸೈಟಿ ರಸೀದಿ, ಕಾಲೇಜಿನ ಫೀಸಿನ ಚಲನ್ ಎಲ್ಲವನ್ನೂ ಬಾವ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. ಒಂದೂ ಬಿಸಾಡಿರಲಿಲ್ಲ. ಅದೇ ಅರ್ಧ ಕೆಲಸ ಮುಗಿಸಿತು.

ಸಂಜೆ ಹೊತ್ತಿಗೆ ಹಾಳೆ ತುಂಬಿತು. ಫೆಬ್ರವರಿ, ಏಪ್ರಿಲ್ ಬಿಟ್ಟರೆ ಮಿಕ್ಕಿದ್ದೆಲ್ಲ ಬರೀ ಕೆಂಪು. ಅಲ್ಲಲ್ಲಿ ಸಣ್ಣ ನೀಲಿ ಚುಕ್ಕೆ ಮಾತ್ರ. ಅದು ಅವ್ವನ ಹೆಸರಿಗೆ ಬರುವ ಗೃಹಲಕ್ಷ್ಮಿಯ 2,000 ಮತ್ತು ಅನ್ನಭಾಗ್ಯದಲ್ಲಿ ಅಕ್ಕಿಯ ಬದಲಿಗೆ ತಲೆಗೆ 170ರಂತೆ ಆಗ ಬರುತ್ತಿದ್ದ 850. ತಿಂಗಳಿಗೆ ಒಟ್ಟು 2,850. ಇದನ್ನು ಬಾವ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವರ್ಷಕ್ಕೆ ಅದು 34,200 ಆಗುತ್ತದೆ. ಸಣ್ಣ ದುಡ್ಡಲ್ಲ.

ಬಂದಿದ್ದೆಷ್ಟು, ಹೋಗಿದ್ದೆಷ್ಟು

ಆ ವರ್ಷ ಕಾಫಿ 50 ಚೀಲ ಆಗಿತ್ತು. ಒಂದು ಚೀಲ ಅಂದರೆ ಒಣಗಿದ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೆಜಿ. ಫೆಬ್ರವರಿಯಲ್ಲಿ ಚೀಲಕ್ಕೆ ಸುಮಾರು 7,000ದಂತೆ ಅಷ್ಟನ್ನೂ ಒಂದೇ ಸಲ ಕೊಟ್ಟಿದ್ದರು. 3,50,000 ಬಂತು. ಮೆಣಸು 180 ಕೆಜಿ, ಕೆಜಿಗೆ 550, ಒಟ್ಟು 99,000. ಸರ್ಕಾರದಿಂದ ಬರುವುದೂ ಸೇರಿ ವರ್ಷಕ್ಕೆ 4,83,200.

ತೋಟದ ಖರ್ಚು: ಕಾಫಿ ಕೊಯ್ಲಿಗೆ 28,000, ಮೆಣಸು ಕೊಯ್ಲಿಗೆ 9,000, ಗೊಬ್ಬರ ಸುಣ್ಣಕ್ಕೆ 38,000, ಕಳೆ, ಕಪಾತು, ನೆರಳು ಮರ ಸವರುವುದು ಸೇರಿ 34,000, ಬೋರ್ಡೋ ಔಷಧಿ ಹೊಡೆಸಲು 6,000, ಕಾಫಿ ಹೂ ಬಿಡಲು ಬೇಕಾದ ಮಳೆ ತಡವಾದಾಗ ಸ್ಪ್ರಿಂಕ್ಲರ್ ಹಾಕಿದ ಡೀಸೆಲ್ 12,000, ಸಾಗಾಟಕ್ಕೆ 5,000. ಒಟ್ಟು 1,32,000. ಮನೆಗೆ ಉಳಿದಿದ್ದು 3,51,200.

ಇನ್ನು ಮನೆ. ಅಕ್ಕಿ, ದಿನಸಿ, ತರಕಾರಿಗೆ ತಿಂಗಳಿಗೆ 8,500. ಮೀನು, ಮಾಂಸಕ್ಕೆ 2,500. ಹಾಲಿಗೆ 1,500. ಗ್ಯಾಸ್, ಫೋನು, ಡಿಶ್, ಪೆಟ್ರೋಲು, ಸ್ಕೂಲ್ ವ್ಯಾನು, ಅವ್ವನ ಬಿಪಿ ಶುಗರ್ ಮಾತ್ರೆ ಎಲ್ಲಾ ಸೇರಿ 6,500. ತಿಂಗಳಿಗೆ 19,000, ವರ್ಷಕ್ಕೆ 2,28,000. ಇದರ ಮೇಲೆ ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚುಗಳು. ಇಬ್ಬರ ಫೀಸು 62,000. ಹಬ್ಬ, ಮದುವೆ, ಮುಯ್ಯಿ 30,000. ಮಳೆಗೆ ಮುಂಚೆ ಮಾಡು ಸರಿ ಮಾಡಿಸಿದ್ದು 12,000. ಇನ್ಶೂರೆನ್ಸ್ 14,000. ಬಟ್ಟೆ 10,000. ಆಸ್ಪತ್ರೆ 15,000. ಇವೇ 1,43,000. ಒಟ್ಟು 3,71,000.

ಅಂದರೆ ಇಡೀ ವರ್ಷಕ್ಕೆ ಕೊರತೆ 19,800. ನಾನು ಎರಡು ಸಲ ಕೂಡಿಸಿದೆ. ಅಷ್ಟೇ.

ಅಕ್ಕ ನಂಬಲಿಲ್ಲ. "ಸರಿಯಾಗಿ ನೋಡು. ನಾನೇ ಕೈ ಬಿಗಿ ಹಿಡಿದಿಲ್ಲ. ಮೀನು ಜಾಸ್ತಿ ತಂದೆ" ಅಂದಳು. ಜೂನ್‌ನಿಂದ ಅವಳು ಅದನ್ನೇ ಅಂದುಕೊಂಡು ಬಂದಿದ್ದಳು. ತನ್ನ ಅಡುಗೆಮನೆಯಿಂದಲೇ ಮನೆ ಸಾಲಕ್ಕೆ ಬಿತ್ತು ಅಂತ. ಬೆಳಗ್ಗೆ ಹಾಲಿಗೆ ನೀರು ಹಾಕಿ ಕಾಯಿಸುತ್ತಿದ್ದಳಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ಈ ಮಾತನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ. ಎಷ್ಟೋ ಮನೆಗಳಲ್ಲಿ ದುಡ್ಡು ಸಾಲದೇ ಹೋದಾಗ ಮೊದಲ ಅನುಮಾನ ಹೋಗುವುದು ಅಡುಗೆಮನೆ ಮೇಲೆ. ಬರೆದು ನೋಡಿದರೆ ತಾನೇ ನಿಜ ಕಾಣುವುದು?

20,000 ಕೊರತೆಯ ಮನೆಗೆ ಒಂದು ಲಕ್ಷಕ್ಕೂ ಜಾಸ್ತಿ ಸಾಲ ಯಾಕೆ ಬೇಕಾಯಿತು? ಆಗಸ್ಟ್‌ನಿಂದ ಜನವರಿವರೆಗೆ ಆರು ತಿಂಗಳಿಗೆ ಮನೆಗೆ 1,14,000, ತೋಟಕ್ಕೆ 23,000, ಹಬ್ಬ ಮತ್ತು ಬಟ್ಟೆಗೆ 20,000. ಒಟ್ಟು 1,57,000. ಕೈಯಲ್ಲಿದ್ದ 20,000, ಬರುವ 17,000 ಕಳೆದರೆ 1,20,000 ಬೇಕು. ಆ ದುಡ್ಡು ಎಲ್ಲಿ ಹೋಯಿತು ಅಂತ ಹುಡುಕುವುದು ಕಷ್ಟ ಆಗಲಿಲ್ಲ. ಹೊರಗೆ ಶೆಡ್ಡಿನಲ್ಲಿ ನಿಂತಿತ್ತು. ಮಾರ್ಚ್‌ನಲ್ಲಿ 1,00,000 ಕೊಟ್ಟು ತಂದ ಸ್ಕೂಟರ್.

ಬಾವನನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ ಸ್ಕೂಟರ್ ದಂಡದ ಖರ್ಚಲ್ಲ. ಅಕ್ಕ ಅದರಲ್ಲೇ ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಬಾವನ ಲೆಕ್ಕವೂ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಹಿಂದಿನ ವರ್ಷ ಚೀಲಕ್ಕೆ 5,000 ಸಿಕ್ಕಿತ್ತು, ಈ ಸಲ 7,000. 50 ಚೀಲಕ್ಕೆ ಒಂದು ಲಕ್ಷ ಜಾಸ್ತಿ ಬಂತು, ಜಾಸ್ತಿ ಬಂದಿದ್ದರಲ್ಲಿ ಸ್ಕೂಟರ್ ತಂದೆ. "ಅದರಲ್ಲಿ ತಪ್ಪೇನಿದೆ?" ಅಂತ ಕೇಳಿದರು.

ನನಗೂ ಆಗ ಉತ್ತರ ಹೊಳೆಯಲಿಲ್ಲ. "ಹಾಗಾದ್ರೆ ಬಾವ, ಹೋದ ವರ್ಷ ಒಂದು ಲಕ್ಷ ಕಡಿಮೆ ಬಂದಾಗ ಮನೆ ಹೇಗೆ ನಡೀತು?" ಅಂತ ಕೇಳಿದೆ. ಬಾವ ಸುಮ್ಮನಾದರು. ಒಳಗಿನಿಂದ ಅವ್ವ ಹೇಳಿದರು: "ಸಿಲ್ವರ್ ಮರ ಕೊಟ್ಟಿದ್ದು ಮರೆತ್ಯಾ ಮಗ?"

ಹೌದು. 2023ರಲ್ಲಿ ತೋಟದ ಸಿಲ್ವರ್ ಮರ ಮಾರಿ 85,000 ತೆಗೆದುಕೊಂಡಿದ್ದರು. ಆಗ ಮಗ ಹೈಸ್ಕೂಲಿನಲ್ಲಿದ್ದ, ಸರ್ಕಾರಿ ಶಾಲೆ. ಈಗಿನ ಪಿಯುಸಿ ಫೀಸು 34,000 ಆಗ ಇರಲಿಲ್ಲ. ಎರಡೂ ಸೇರಿದರೆ 1,19,000. ಈ ವರ್ಷ ಕಡಿಮೆ ಬಿದ್ದಿದ್ದೂ ಹತ್ತಿರ ಹತ್ತಿರ ಅಷ್ಟೇ! ಅಂದರೆ ಚೀಲಕ್ಕೆ 2,000 ಏರಿದ್ದು ಹೆಚ್ಚುವರಿ ದುಡ್ಡೇ ಆಗಿರಲಿಲ್ಲ. ಹಿಂದಿನ ವರ್ಷ ಮರ ಮುಚ್ಚಿದ್ದ ಹಳ್ಳವನ್ನು ಈ ವರ್ಷ ಅದು ಮುಚ್ಚಬೇಕಿತ್ತು. ಮರ ಒಂದೇ ಸಲ ಮಾರುವುದು. ಮತ್ತೆ ನೆಟ್ಟರೆ ಬರಲು ಇಪ್ಪತ್ತು ಮೂವತ್ತು ವರ್ಷ ಬೇಕು. ಅದನ್ನು ವರ್ಷದ ಆದಾಯದ ಜೊತೆ ಕೂಡಿಸಿದರೆ ಮನೆಯ ನಿಜವಾದ ಖರ್ಚು ಕಾಣುವುದೇ ಇಲ್ಲ. ಈ ಪ್ರಕರಣದಲ್ಲಿ ನಾನು ಕಲಿತಿದ್ದು ಜಾಸ್ತಿ ಇದೇ ಜಾಗದಲ್ಲಿ.

ಅಡ್ವಾನ್ಸ್ ಬೇಡ ಅಂದಿದ್ದು

ಮೊದಲು ಆ ವರ್ಷ ದಾಟಬೇಕಿತ್ತು. ವ್ಯಾಪಾರಿ 1,20,000 ಕೊಡಲು ತಯಾರಿದ್ದರು. ಬಡ್ಡಿ ಇಲ್ಲ. ಆದರೆ ಫಸಲು ಅವರಿಗೇ ಕೊಡಬೇಕು, ಆ ದಿನದ ಬೆಲೆಯಲ್ಲಿ ಚೀಲಕ್ಕೆ 300 ಮುರಿದುಕೊಳ್ಳುತ್ತಾರೆ. ಬಾವನಿಗೆ 300 ಸಣ್ಣದಾಗಿ ಕಂಡಿತ್ತು. 50 ಚೀಲಕ್ಕೆ ಅದು 15,000.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಕಾಫಿ ಬೆಳೆಯದವರಿಗಾಗಿ ಬಿಡಿಸಿ ಹೇಳುತ್ತೇನೆ. ಚೆರ್ರಿ ಚೀಲಕ್ಕೆ ಬೆಲೆ ಕಟ್ಟುವುದು ಔಟ್‌ಟರ್ನ್ ಮೇಲೆ. ಚೀಲಗಳಿಂದ ಸ್ವಲ್ಪ ಸ್ವಲ್ಪ ಚೆರ್ರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾರೆ. 50 ಕೆಜಿಗೆ ಎಷ್ಟು ಕೆಜಿ ಬೀಜ ಬರುತ್ತದೋ ಅದೇ ಔಟ್‌ಟರ್ನ್. ಅದನ್ನು ಆ ದಿನದ ದರದಿಂದ ಗುಣಿಸಿದರೆ ಚೀಲದ ಬೆಲೆ. ದರ 260 ಇದ್ದು ಔಟ್‌ಟರ್ನ್ 27 ಬಂದರೆ ಚೀಲಕ್ಕೆ 7,020. 28 ಬಂದರೆ 7,280. ಒಂದು ಕೆಜಿ ವ್ಯತ್ಯಾಸಕ್ಕೆ 50 ಚೀಲದಲ್ಲಿ 13,000 ಹೋಗುತ್ತದೆ. ಸ್ವತಂತ್ರವಾಗಿ ಮಾರುವವರು ಸ್ಯಾಂಪಲ್ ಹಿಡಿದು ಮೂರು ಕಡೆ ತೋರಿಸಬಹುದು. ಅಡ್ವಾನ್ಸ್ ತೆಗೆದುಕೊಂಡವರು ಹಾಗೆ ಮಾಡುವ ಹಾಗಿಲ್ಲ. ವ್ಯಾಪಾರಿ ಹೇಳಿದ್ದೇ ಔಟ್‌ಟರ್ನ್.

ಅಕ್ಕ ತನ್ನ ಎರಡೂವರೆ ಪವನಿನ (20 ಗ್ರಾಂ) ಚಿನ್ನದ ಸರ ಅಡ ಇಡಲು ಒಪ್ಪಿದಳು. ಬ್ಯಾಂಕಿನಲ್ಲಿ 80,000 ಸಿಕ್ಕಿತು, ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ. ಮಿಕ್ಕ 40,000ವನ್ನು ಅಕ್ಟೋಬರ್‌ನಲ್ಲಿ ಅವಳ ಮಹಿಳಾ ಸಂಘದಿಂದ ತೆಗೆದುಕೊಂಡೆವು, ಅದೂ ಅದೇ ಬಡ್ಡಿಗೆ. ಸರವನ್ನು ಮೇವರೆಗೆ ಇಟ್ಟರೂ ಬಡ್ಡಿ 7,200. ಸಂಘದ್ದು ಫೆಬ್ರವರಿವರೆಗೆ 1,600. ಒಟ್ಟು 8,800. ಅಡ್ವಾನ್ಸಿನ 15,000ಕ್ಕಿಂತ 6,200 ಕಡಿಮೆ, ಮಾರುವ ಸ್ವಾತಂತ್ರ್ಯವೂ ನಮ್ಮದೇ. ಸರ ಕೊಡುವಾಗ ಅಕ್ಕನ ಮುಖ ನೋಡಲು ನನಗೆ ಆಗಲಿಲ್ಲ ಅನ್ನುವುದನ್ನೂ ಬರೆದಿಡುತ್ತೇನೆ. ಬಡ್ಡಿ ಲೆಕ್ಕದಲ್ಲಿ ಅದು ಬರುವುದಿಲ್ಲ.

ಒಂದು ದುಡ್ಡಿನ ವಿಷಯದಲ್ಲಿ ಬಾವ ಮೊದಲಿಂದಲೂ ಶಿಸ್ತಿನವರು. ಸೊಸೈಟಿಯ ಬೆಳೆ ಸಾಲ 1,50,000. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿ ಇಲ್ಲ. ಕರ್ನಾಟಕದಲ್ಲಿ ಈ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬಾವ ಒಂದು ದಿನವೂ ತಪ್ಪಿಸಿದವರಲ್ಲ. ಆದರೆ ಅದನ್ನು ಕಟ್ಟುವ ಅವಸರಕ್ಕೇ ಅಷ್ಟೂ ಕಾಫಿಯನ್ನು ಫೆಬ್ರವರಿಯಲ್ಲಿ ಕೊಟ್ಟುಬಿಡುತ್ತಿದ್ದರು. ಅದಕ್ಕೆ 22 ಚೀಲ ಸಾಕಿತ್ತು. ಮಿಕ್ಕಿದ್ದನ್ನು ಯಾಕೆ ಕೊಟ್ಟಿರಿ ಅಂದರೆ, "ಎಲ್ಲರೂ ಕೊಡ್ತಾರೆ" ಅಂದರು. 2024ರ ಏಪ್ರಿಲ್‌ನಲ್ಲಿ ರೋಬಸ್ಟಾ ಚೆರ್ರಿ ಚೀಲಕ್ಕೆ 10,000 ದಾಟಿತು. ಅದನ್ನು ಎಣಿಸಿಕೊಂಡು ಕೊರಗುವುದು ಬೇಡ ಅಂತ ನಾನೇ ಹೇಳಿದೆ. ಏರುತ್ತದೆ ಅಂತ ಫೆಬ್ರವರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಳಿಯಲೂ ಬಹುದಿತ್ತು.

ಅವ್ವನ ಮಾತು

ಇಲ್ಲಿಂದ ಮುಂದಿನ ದಾರಿ ತೋರಿಸಿದ್ದು ಅವ್ವ. ಅವರು ಹೇಳಿದ್ದು ಕಾಫಿ ಬೋರ್ಡಿನ ಪೂಲ್ ಕಾಲದ ಕತೆ. ಆಗ ಕಾಫಿಯನ್ನು ಬೋರ್ಡಿಗೇ ಕೊಡಬೇಕಿತ್ತು. ಕೊಟ್ಟಾಗ ಸ್ವಲ್ಪ ದುಡ್ಡು, ಆಮೇಲೆ ಕಂತು ಕಂತಾಗಿ ಮಿಕ್ಕಿದ್ದು. 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲಿಸಿ, 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂತು. ಬೆಳೆಗಾರರಿಗೆ ಒಳ್ಳೆಯದೇ ಆಯಿತು, ಹಳೇ ಪದ್ಧತಿಯಲ್ಲಿ ದುಡ್ಡಿಗೆ ಕಾದು ಕಾದು ಸೋತವರು ಎಷ್ಟೋ ಜನ. ಅವ್ವನಿಗೂ ಅದು ಗೊತ್ತು. ಆದರೂ ಅವರು ಒಂದು ಮಾತು ಹೇಳಿದರು: "ಆಗ ಮಳೆಗಾಲದಲ್ಲೂ ಒಂದು ಕಂತು ಬರ್ತಿತ್ತು ಮಗಳೇ. ಈಗ ಎಲ್ಲಾ ಬೇಸಿಗೆಯಲ್ಲೇ ಬಂದು ಬೇಸಿಗೆಯಲ್ಲೇ ಹೋಗ್ತದೆ."

ಇದನ್ನು ಕೇಳಿದ ಮೇಲೆ ನನಗೆ ದಾರಿ ಕಂಡಿತು. ಕಂತು ನಾವೇ ಮಾಡಿಕೊಳ್ಳಬೇಕು. ಕಾಫಿಯಲ್ಲಿ ಅದು ಅರ್ಧ ಮಾತ್ರ ಸಾಧ್ಯ. ಮೂರ್ನಾಡಿನ ಮಳೆಯಲ್ಲಿ ಸಣ್ಣ ಮನೆಯೊಳಗೆ ಚೆರ್ರಿ ಇಟ್ಟರೆ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಹೆಚ್ಚೆಂದರೆ ಮೇವರೆಗೆ ಇಡಬಹುದು. ಮೆಣಸು ಹಾಗಲ್ಲ. ಗಲಗಲ ಅನ್ನುವ ಹಾಗೆ ಒಣಗಿಸಿ, ಒಳಗೆ ಪ್ಲಾಸ್ಟಿಕ್ ಇರುವ ಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಹಲಗೆ ಮೇಲೆ ಗೋಡೆಗೆ ತಾಗದ ಹಾಗೆ ಇಟ್ಟರೆ ವರ್ಷ ಇದ್ದರೂ ಏನೂ ಆಗುವುದಿಲ್ಲ.

180 ಕೆಜಿ ಮೆಣಸಿನಲ್ಲಿ 20 ಕೆಜಿಯನ್ನು ಕೊಯ್ಲಾದ ಕೂಡಲೇ ಮಾರುವುದು. ಉಳಿದ 160 ಕೆಜಿಯನ್ನು ನಾಲ್ಕು ಭಾಗ ಮಾಡಿದರೆ ತಲಾ 40. 40 ಕೆಜಿಗೆ 550ರಂತೆ 22,000. ಮನೆಯ ತಿಂಗಳ ಖರ್ಚು 19,000! ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಖಾಲಿ ಇದ್ದ ನಾಲ್ಕು ಮನೆಗೂ ನೀಲಿ ಬಂತು. ಬಾವ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ತುಂಬಾ ಹೊತ್ತು ನೋಡಿದರು.

ಬೇರೆ ಕ್ರಮಗಳನ್ನು ಬೇಗ ಹೇಳಿಬಿಡುತ್ತೇನೆ. ಕಾಫಿಯನ್ನು ಫೆಬ್ರವರಿ, ಮಾರ್ಚ್ ಕೊನೆ, ಮೇ ಹೀಗೆ ಮೂರು ಸಲ ಕೊಡುವುದು. ತೋಟದ ಖಾತೆ ಬೇರೆ, ಮನೆಯ ಖಾತೆ ಬೇರೆ. ಬೆಳೆ ಸಾಲದ ದುಡ್ಡು ತೋಟದ್ದೇ, ಅದರಿಂದ ಅಕ್ಕಿ ಕೊಳ್ಳುವ ಹಾಗಿಲ್ಲ. ಪ್ರತಿ ತಿಂಗಳು ಒಂದನೇ ತಾರೀಖು ಅಕ್ಕನ ಖಾತೆಗೆ ಮನೆಯ ಸಂಬಳ. ಜೂನ್ ಫೀಸಿನ 62,000ವನ್ನು ಫೆಬ್ರವರಿಯಲ್ಲೇ ಎತ್ತಿಡುವುದು. ಕಾಫಿ ಎಷ್ಟಕ್ಕೇ ಹೋಗಲಿ, ಮನೆ ಲೆಕ್ಕದಲ್ಲಿ ಚೀಲಕ್ಕೆ 7,000 ಅಂತಲೇ ಬರೆಯುವುದು. ಜಾಸ್ತಿ ಬಂದಿದ್ದರಲ್ಲಿ ಮೊದಲು ಸಾಲ, ಆಮೇಲೆ ಉಳಿತಾಯ. ಮಳೆಗಾಲದಲ್ಲಿ ಮನೆಯಲ್ಲಿ 5,000 ನಗದು ಇರಲೇಬೇಕು ಅಂತ ಅವ್ವ ಸೇರಿಸಿದರು. 2018ರ ಆಗಸ್ಟ್ ನೋಡಿದ ಕೊಡಗಿನವರಿಗೆ ಅದು ಯಾಕೆ ಅಂತ ಹೇಳಬೇಕಿಲ್ಲ. ರಸ್ತೆ ಇರಲಿಲ್ಲ, ಕರೆಂಟ್ ಇರಲಿಲ್ಲ, ಎಟಿಎಂ ಇದ್ದೂ ಇಲ್ಲದ ಹಾಗೆ.

ಕಡಿತ ಮಾಡಿದ್ದು ಮೂರೇ ಕಡೆ. ಫೋನು ಮತ್ತು ಡಿಶ್ಶಿನಲ್ಲಿ ತಿಂಗಳಿಗೆ 400. ಪೆಟ್ರೋಲಿನಲ್ಲಿ 500, ಮಡಿಕೇರಿಗೆ ಬೇಕಾದಾಗಲೆಲ್ಲ ಹೋಗುವ ಬದಲು ಶುಕ್ರವಾರ ಸಂತೆಯ ದಿನವೇ ಎಲ್ಲಾ ಕೆಲಸ. ಮುಯ್ಯಿಯಲ್ಲಿ ವರ್ಷಕ್ಕೆ 8,000. ಒಟ್ಟು 18,800. ಕೊರತೆಯಲ್ಲಿ ಇನ್ನು 1,000 ಉಳಿಯಿತು, ಅದನ್ನು ಹಾಗೇ ಬಿಟ್ಟೆವು. ಮೀನಿಗೆ, ಹಾಲಿಗೆ, ಮಾತ್ರೆಗೆ ಕೈ ಹಾಕಲು ನಾನು ಬಿಡಲಿಲ್ಲ. ಮುಯ್ಯಿಯ ವಿಷಯ ಮಾತ್ರ ಕಷ್ಟ ಆಯಿತು. ತಮ್ಮ ಮದುವೆಗೆ ಯಾರು ಎಷ್ಟು ಹಾಕಿದ್ದರು ಅಂತ ಹಳೇ ಪುಸ್ತಕ ತೆಗೆದು ಬಾವ ಒಂದೊಂದೇ ಹೆಸರು ಓದಿದರು. ಹತ್ತಿರದವರಿಗೆ ಮೊದಲಿನ ಹಾಗೇ, ಮಿಕ್ಕವರಿಗೆ 500 ಅಂತ ಕೊನೆಗೆ ನಿಂತಿತು. ಇದು ಬಾವನಿಗೆ ಇವತ್ತಿಗೂ ಪೂರ್ತಿ ಒಪ್ಪಿಗೆ ಇಲ್ಲ.

ಗದ್ದೆಯ ಬಗ್ಗೆ ಮಾತ್ರ ತೀರ್ಮಾನ ಆಗಲಿಲ್ಲ. ಅವ್ವನ ಕಾಲದಲ್ಲಿ ಅಕ್ಕಿ ಅಂಗಡಿಯಿಂದ ಬರುತ್ತಿರಲಿಲ್ಲ. ಗದ್ದೆಯ ಅಕ್ಕಿ, ಹಿತ್ತಲ ಗೆಣಸು, ಒಣಗಿಸಿದ ಹಲಸಿನ ಬೀಜ, ಮೇನಲ್ಲೇ ತಂದಿಟ್ಟ ಒಣಮೀನು, ಉಪ್ಪು, ಬೆಲ್ಲ. ಮಳೆ ಹಿಡಿದ ಮೇಲೆ ದುಡ್ಡು ಬೇಕಾಗುತ್ತಲೇ ಇರಲಿಲ್ಲ. ಈಗ ನಾಟಿಗೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಲೆಕ್ಕ ಹಾಕಿದರೆ ಅಂಗಡಿ ಅಕ್ಕಿಯೇ ಅಗ್ಗ. ನಾನು ಎರಡು ಸಲ ಲೆಕ್ಕ ಹಾಕಿ ತೋರಿಸಿದೆ. ಅವ್ವ ಒಪ್ಪಲಿಲ್ಲ. ಅಕ್ಕಿ ಮನೆಯಲ್ಲಿದ್ದರೆ ಧೈರ್ಯ ಅಂತಾರೆ. ಅದಕ್ಕೆ ನಾನು ಬೆಲೆ ಕಟ್ಟಲಾರೆ.

ಮರುವರ್ಷ

ಕಡಿತದಿಂದ ಆ ಮಳೆಗಾಲ ಉಳಿದ ಅಲ್ಪಸ್ವಲ್ಪ ಜನವರಿಯ ಕೊಯ್ಲಿನ ಕೂಲಿಗೆ ಹೋಯಿತು. 2025ರಲ್ಲಿ 48 ಚೀಲ ಆಯಿತು. 20, 16, 12 ಅಂತ ಮೂರು ಸಲ ಕೊಟ್ಟರು. ಪ್ರತಿ ಸಲವೂ ಬಾವ ಸ್ಯಾಂಪಲ್ ಹಿಡಿದು ಎರಡು ಮೂರು ಕಡೆ ಔಟ್‌ಟರ್ನ್ ನೋಡಿಸಿದರು. ಮೂರೂ ಸೇರಿ ಚೀಲಕ್ಕೆ ಸರಾಸರಿ 10,000 ಸಿಕ್ಕಿತು. ಲೆಕ್ಕದ 7,000 ಬಿಟ್ಟು ಮೇಲೆ ಬಂದಿದ್ದು 1,44,000. ಫೆಬ್ರವರಿಯಲ್ಲಿ ಸಂಘದ ಸಾಲ ತೀರಿತು. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಅಕ್ಕನ ಸರ ಮನೆಗೆ ಬಂತು. ಎರಡಕ್ಕೂ ಬಡ್ಡಿ ಸೇರಿ 1,28,800 ಹೋಗಿ 15,200 ಉಳಿಯಿತು. ಅದು ಈಗ ಠೇವಣಿಯಲ್ಲಿದೆ. ಅದೇ ಫೆಬ್ರವರಿಯಿಂದ ಅನ್ನಭಾಗ್ಯದ ದುಡ್ಡು ನಿಂತು ಅಕ್ಕಿಯೇ ಬರತೊಡಗಿತು. 850 ಹೋಯಿತು, ಅಂಗಡಿಯಿಂದ ತರುವ ಅಕ್ಕಿಯೂ ಕಡಿಮೆ ಆಯಿತು.

ಬೆಲೆ ಏರದಿದ್ದರೆ ಸರ ಬಿಡಿಸಲು ಇನ್ನೂ ಎಷ್ಟೋ ವರ್ಷ ಹಿಡಿಯುತ್ತಿತ್ತು. ಮನೆ ಲೆಕ್ಕ ಸರಿದೂಗಿದ್ದರೂ ಅದರಲ್ಲಿ ಸಾಲ ತೀರಿಸುವಷ್ಟು ಉಳಿತಾಯ ಇಲ್ಲ. ಕಾಫಿ ಮತ್ತೆ 5,000ಕ್ಕೆ ಇಳಿದರೆ ಒಂದು ಲಕ್ಷ ಕಡಿಮೆ ಬೀಳುತ್ತದೆ, ಆಗ ಈ ಹಾಳೆ ನಿಲ್ಲುವುದಿಲ್ಲ. ಠೇವಣಿಯ 15,200 ಒಂದು ತಿಂಗಳಿಗೂ ಸಾಲದು. ಆರು ತಿಂಗಳ ಮನೆ ಖರ್ಚು, ಅಂದರೆ ಒಂದು ಲಕ್ಷಕ್ಕೂ ಮೇಲೆ, ಪಕ್ಕಕ್ಕೆ ಇರುವವರೆಗೆ ಹೊಸದೇನೂ ಕೊಳ್ಳುವುದಿಲ್ಲ ಅಂತ ಬಾವ ತಾವಾಗಿಯೇ ಹೇಳಿದ್ದಾರೆ.

2025ರ ಕಕ್ಕಡ ಹದಿನೆಂಟಕ್ಕೆ ಮತ್ತೆ ಹೋದೆ. ಅಟ್ಟದ ಹಲಗೆ ಮೇಲೆ ಮೂರು ಚೀಲ ಮೆಣಸು. ಜುಲೈನದ್ದು ಹೋಗಿ ಆಗಿತ್ತು, ಆಗಸ್ಟಿನದ್ದನ್ನು ಅಕ್ಕ ಆ ಬೆಳಗ್ಗೆ ಇಳಿಸುತ್ತಿದ್ದಳು. ಹೊಲಿಗೆ ಬಿಚ್ಚಿ, ಒಂದು ಹಿಡಿ ತೆಗೆದು, ಅಂಗೈಯಲ್ಲಿ ಅಲ್ಲಾಡಿಸಿ ನನ್ನ ಕಿವಿ ಹತ್ತಿರ ತಂದಳು. ಗಲಗಲ ಅಂತಿತ್ತು. ಬೆಲ್ಲ ಮೇನಲ್ಲೇ ತಂದಿಟ್ಟಿದ್ದಳು. ಗೋಡೆಯಲ್ಲಿ ಹೊಸ ಕ್ಯಾಲೆಂಡರ್ ಇತ್ತು, ಹಿಂದೆ ಹನ್ನೆರಡು ಮನೆ, ಈ ಸಲ ಮಗಳ ಕೈಬರಹ. 2026ರ ಜೂನ್‌ಗೆ ಅಂತ ಪಕ್ಕದಲ್ಲಿ ಒಂದು ಮನೆ ಜಾಸ್ತಿ ಗೀಚಿದ್ದಳು. ಅಣ್ಣ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಬೇಕಿತ್ತು, ಎಲ್ಲಿ, ಎಷ್ಟು ಅಂತ ಆಗ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಅವಳು ಪೆನ್ಸಿಲ್‌ನಲ್ಲಿ "ಅಣ್ಣ" ಅಂತಷ್ಟೇ ಬರೆದಿದ್ದಳು.